ಸೂಜಿಯಲ್ಲಿ ಬಂದ ಲೋಹ

ಗ್ಯಾಡೊಲಿನಿಯಮ್ ಎಂಬ ಲೋಹವೊಂದಿದೆ. ನೋಡಲು ಬೆಳ್ಳಿಯ ಹಾಗೆ ಬಿಳುಪು, ತೂಕದಲ್ಲಿ ಹೆಚ್ಚುಕಮ್ಮಿ ಕಬ್ಬಿಣದಷ್ಟೇ. ಅದಕ್ಕೊಂದು ವಿಚಿತ್ರ ಸ್ವಭಾವ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ ಕಬ್ಬಿಣದ ಮೊಳೆಯಂತೆ ಅಯಸ್ಕಾಂತಕ್ಕೆ ಹಾರಿ ಅಂಟಿಕೊಳ್ಳುತ್ತದೆ. ಅದಕ್ಕಿಂತ ಬೆಚ್ಚಗಾದರೆ ಹಿಡಿತ ಸಡಿಲವಾಗಿ ಉದುರಿಬೀಳುತ್ತದೆ. ಕಬ್ಬಿಣ ಹೀಗೆ ತನ್ನ ಗುಣ ಬಿಡಬೇಕಾದರೆ 770 ಡಿಗ್ರಿಯವರೆಗೆ ಕಾಯಿಸಬೇಕು. ನಾನಿರುವ ಡೊಂಬಿವಲಿಯಲ್ಲಿ ಚಳಿ ಅನ್ನುವುದು ಡಿಸೆಂಬರ್, ಜನವರಿಯ ಕೆಲವು ನಸುಕುಗಳ ಮಾತು. ಈ ಲೋಹದ ತುಂಡೊಂದನ್ನು ನಮ್ಮ ಬಾಲ್ಕನಿಯಲ್ಲಿ ಅಯಸ್ಕಾಂತಕ್ಕೆ ತೂಗುಹಾಕಿದರೆ ಹಾಲಿನವನು ಬರುವ ಹೊತ್ತಿಗೆ ಅಂಟಿಕೊಂಡಿರುತ್ತದೆ, ತಿಂಡಿಯ ಹೊತ್ತಿಗೆ ನೆಲದ ಮೇಲಿರುತ್ತದೆ. ಮೇ ತಿಂಗಳಲ್ಲಂತೂ ಪ್ರಯೋಗವೇ ಬೇಡ.

ಈ ಲೋಹ ಒಂದು ಗ್ರಾಂಗೆ ತುಸು ಕಡಿಮೆ, ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಮ್ಮವ್ವನ ರಕ್ತದಲ್ಲಿ ಓಡಾಡಿತು.

ಅವ್ವನಿಗೆ ಎಡಗಿವಿ ಮಂದವಾಗುತ್ತ ಬಂದಿತ್ತು. ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದಳು. ಎಡಕ್ಕೆ ಹೊರಳಿದರೆ ತಲೆ ತಿರುಗುತ್ತದೆ ಅನ್ನುತ್ತಿದ್ದಳು. ವಯಸ್ಸಿನ ಮೇಲೆ ಹಾಕಿ ಒಂದು ವರ್ಷ ತಳ್ಳಿದ ಮೇಲೆ ಕಿವಿಯ ಡಾಕ್ಟರು ಎಂಆರ್‌ಐ ಬರೆದರು, ‘ಪ್ಲೇನ್ ಬೇಡ, ಕಾಂಟ್ರಾಸ್ಟ್ ಮಾಡಿಸಿ’ ಅಂದರು. ಕಲ್ಯಾಣದ ಒಂದು ಸ್ಕ್ಯಾನ್ ಸೆಂಟರಿಗೆ ಹೋದೆವು. ಅಲ್ಲಿಯ ಹುಡುಗಿ ಒಳ್ಳೆಯ ಮರಾಠಿಯಲ್ಲಿ, ‘ಮಾವಶಿ, ಸಗಳೇ ದಾಗಿನೇ ಕಾಢಾ’ ಅಂದಳು. ಅವ್ವ ಬಳೆ ತೆಗೆದಳು, ಓಲೆ, ಕಾಲುಂಗುರ, ತಾಳಿ ತೆಗೆದಳು. ಮದುವೆಗೆ ಮೊದಲಿನಿಂದ ಇದ್ದ ಮೂಗುಬೊಟ್ಟು ಮಾತ್ರ ಬರಲಿಲ್ಲ; ಸಾಬೂನು ಹಚ್ಚಿ, ತಿರುವಿ, ಕಣ್ಣಲ್ಲಿ ನೀರು ಬರಿಸಿ ಅದನ್ನೂ ತೆಗೆದದ್ದಾಯಿತು. ಎಲ್ಲವನ್ನೂ ನನ್ನ ಕರವಸ್ತ್ರದಲ್ಲಿ ಗಂಟು ಕಟ್ಟಿದ ಮೇಲೆ ಆ ಹುಡುಗಿ ಎರಡು ಹಾಳೆಯ ಒಪ್ಪಿಗೆ ಪತ್ರ ತಂದಳು. ಒಂದು ಇಂಗ್ಲಿಷು, ಒಂದು ಮರಾಠಿ. ಮೂವತ್ತೈದು ವರ್ಷ ಡೊಂಬಿವಲಿಯಲ್ಲಿದ್ದರೂ ಗದಗಿನ ನಮ್ಮವ್ವ ಮರಾಠಿಯಲ್ಲಿ ಕಾಯಿಪಲ್ಲೆಯ ಚೌಕಾಸಿ ಮಾಡಬಲ್ಲಳೇ ಹೊರತು ಕಾಗದ ಓದಲಾರಳು. ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳುವುದು ನನ್ನ ಪಾಲಿಗೆ ಬಂತು. ನನ್ನ ಕಸುಬೇ ಅದು. ಭಾಷಾಶಾಸ್ತ್ರದಲ್ಲಿ ಎಂಎ ಮಾಡಿ, ಪದಕ್ಕಿಷ್ಟು ಅಂತ ಲೆಕ್ಕ ಹಾಕಿ ಅನುವಾದ ಮಾಡಿಕೊಂಡು ಬದುಕುವವಳು ನಾನು.

‘ಒಂದು ಲೋಹ ಐತಿ ಅವ್ವ. ಅದರ ಇಂಜೆಕ್ಷನ್ ಕೊಡ್ತಾರ. ಅದರಿಂದ ಚಿತ್ರ ಚೊಲೋ ಬರ್ತದ.’

ಅವ್ವ ಕರವಸ್ತ್ರದ ಗಂಟು ನೋಡಿದಳು. ‘ಮೈಮ್ಯಾಲಿನ ಲೋಹ ಎಲ್ಲಾ ತಗೀರಿ ಅಂತಾರ, ಆಮ್ಯಾಲ ಮೈಯಾಗ ಲೋಹ ಹಾಕ್ತಾರ? ಇದ್ಯಾವ ನ್ಯಾಯ?’

ಅಲ್ಲಿದ್ದವರು ನಕ್ಕರು. ಆದರೆ ಪ್ರಶ್ನೆ ನೆಟ್ಟಗಿತ್ತು, ನೆಟ್ಟಗಿನ ಉತ್ತರ ಆಗ ನನ್ನ ಬಳಿ ಇರಲಿಲ್ಲ. ಆಮೇಲೆ ಹುಡುಕಿಕೊಂಡ ಉತ್ತರ ಇದು.

ಗ್ಯಾಡೊಲಿನಿಯಮ್ ಮೂಲವಸ್ತುಗಳ ಪಟ್ಟಿಯಲ್ಲಿ 64ನೆಯದು. ಕೋಷ್ಟಕದ ಕೆಳಗೆ, ಮನೆಯಲ್ಲಿ ಜಾಗ ಸಾಲದೆ ಪಡಸಾಲೆಯಲ್ಲಿ ಮಲಗಿಸಿದ ನೆಂಟರಂತೆ ಪ್ರತ್ಯೇಕವಾಗಿ ಬರೆದಿರುವ ಸಾಲೊಂದಿದೆಯಲ್ಲ, 57ರ ಲ್ಯಾಂಥನಮ್‌ನಿಂದ 71ರ ಲ್ಯುಟೀಶಿಯಮ್‌ವರೆಗೆ, ಅದರ ಸರಿಯಾದ ನಡುಮಧ್ಯೆ ಇದರ ಮನೆ. ಅದರ 64 ಎಲೆಕ್ಟ್ರಾನುಗಳಲ್ಲಿ 54 ಒಳಗಿನ ಭದ್ರ ಕವಚಗಳಲ್ಲಿ ಕುಳಿತಿವೆ, ಅವುಗಳ ಗೊಡವೆ ನಮಗೆ ಬೇಡ. ಉಳಿದ ಹತ್ತರಲ್ಲಿ ಎರಡು ಹೊರಗಿನ 6ಎಸ್‌ನಲ್ಲಿ, ಒಂದು 5ಡಿಯಲ್ಲಿ, ಏಳು 4ಎಫ್ ಎಂಬ ಕಕ್ಷಕಗಳಲ್ಲಿ. ಕಥೆಯೆಲ್ಲ ಈ ಏಳರದ್ದು.

4ಎಫ್‌ನಲ್ಲಿ ಏಳು ಕಕ್ಷಕಗಳಿವೆ, ಒಂದೊಂದರಲ್ಲಿ ಇಬ್ಬರಿಗೆ ಜಾಗ. ವಾಶಿ ಡಿಪೋದಲ್ಲಿ ಖಾಲಿ ನಿಂತ ಎನ್‌ಎಂಎಂಟಿ ಬಸ್ಸಿಗೆ ಜನ ಹತ್ತುವುದನ್ನು ನೋಡಿ. ಇಬ್ಬರು ಕೂರುವ ಸೀಟಿನಲ್ಲಿ ಮೊದಲು ಒಬ್ಬೊಬ್ಬರೇ ಕಿಟಕಿ ಹಿಡಿದು ಕೂರುತ್ತಾರೆ. ಎಲ್ಲ ಸೀಟಿನಲ್ಲೂ ಒಬ್ಬೊಬ್ಬರಾದ ಮೇಲಷ್ಟೇ ಮುಂದೆ ಬಂದವನು ‘ಜರಾ ಸರಕೋ’ ಅನ್ನುತ್ತಾನೆ. ಎಲೆಕ್ಟ್ರಾನುಗಳದ್ದೂ ಅದೇ ರೀತಿ, ಹುಂಡ್ ಎಂಬ ಜರ್ಮನ್ ವಿಜ್ಞಾನಿಯ ಹೆಸರಿನಲ್ಲಿ ಆ ನಿಯಮವಿದೆ. ಒಂಟಿಯಾಗಿ ಕೂತವರೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುತ್ತಾರೆ. ಎರಡನೆಯವನು ಬಂದು ಜೋಡಿಯಾದರೆ ಅವನ ಮುಖ ಎದುರು ದಿಕ್ಕಿಗೆ, ಒಬ್ಬನ ಕಾಂತತೆಯನ್ನು ಇನ್ನೊಬ್ಬ ಅಳಿಸಿಹಾಕುತ್ತಾನೆ. ಗ್ಯಾಡೊಲಿನಿಯಮ್‌ನಲ್ಲಿ ಏಳು ಸೀಟು, ಏಳೂ ಒಂಟಿ, ಏಳರ ಮುಖವೂ ಒಂದೇ ಕಡೆ. ಎಂಟನೆಯದು ಒಳಗೆ ನುಗ್ಗಿ ಜೋಡಿ ಕೂರಬಹುದಿತ್ತು, ಆದರೆ ಅದು 5ಡಿಯಲ್ಲಿ ಹೊರಗೇ ನಿಂತಿದೆ. ಅರ್ಧ ತುಂಬಿದ ಆ ಏರ್ಪಾಟು ಅಷ್ಟು ಗಟ್ಟಿ.

ಗ್ಯಾಡೊಲಿನಿಯಮ್ ಬೇರೆ ವಸ್ತುಗಳೊಡನೆ ಕೂಡುವಾಗ ಹೊರಗಿನ ಮೂರನ್ನು ಬಿಟ್ಟುಕೊಡುತ್ತದೆ, 6ಎಸ್‌ನ ಎರಡು, 5ಡಿಯ ಒಂದು. ಏಳು ಒಂಟಿಗಳು ಹಾಗೇ ಉಳಿಯುತ್ತವೆ. ಅವು ಹೊರಗಿನ ಕವಚದ ಮರೆಯಲ್ಲಿ ಹುದುಗಿರುವುದರಿಂದ ಯಾರ ಜತೆ ಕೂಡಿದರೂ ಅವುಗಳಿಗೆ ಸುದ್ದಿ ಮುಟ್ಟುವುದಿಲ್ಲ. ಈ ಸಾಲಿನ ಹದಿನೈದೂ ಲೋಹಗಳು ಒಂದನ್ನೊಂದು ಹೋಲುವುದೂ ಇದೇ ಕಾರಣಕ್ಕೆ. ವ್ಯತ್ಯಾಸವೆಲ್ಲ ಒಳಮನೆಯಲ್ಲಿ, ಅಂಗಳ ಒಂದೇ. ಅವನ್ನು ಒಂದರಿಂದೊಂದು ಬಿಡಿಸಲು ರಸಾಯನಶಾಸ್ತ್ರಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈಗ ಅವ್ವನ ಪ್ರಶ್ನೆಗೆ ಬರುತ್ತೇನೆ. ಎಂಆರ್‌ಐ ನೋಡುವುದು ಮೈಯೊಳಗಿನ ನೀರನ್ನು, ಅಂದರೆ ನೀರಿನ ಹೈಡ್ರೋಜನ್ನಿನ ನಡುವಿರುವ ಪ್ರೋಟಾನನ್ನು. ದೊಡ್ಡ ಕಾಂತದೊಳಗೆ ಮಲಗಿಸಿದಾಗ ಪ್ರೋಟಾನುಗಳಲ್ಲಿ ಒಂದು ಸಣ್ಣ ಪಾಲು ಹೆಚ್ಚಾಗಿ ಕಾಂತದ ದಿಕ್ಕಿಗೆ ನಿಲ್ಲುತ್ತದೆ. ರೇಡಿಯೋ ತರಂಗದಿಂದ ಅವನ್ನು ಬೀಳಿಸಿದರೆ ಮತ್ತೆ ಎದ್ದು ನಿಲ್ಲುತ್ತವೆ. ಎಷ್ಟು ಬೇಗ ಎದ್ದವು ಅನ್ನುವುದೇ ಚಿತ್ರದ ಬೆಳಕು, ನೆರಳು. 1.5 ಟೆಸ್ಲಾ ಯಂತ್ರದಲ್ಲಿ ಆ ತರಂಗ 64 ಮೆಗಾಹರ್ಟ್ಸ್ ಆಸುಪಾಸಿನದು. 64ನೆಯ ಮೂಲವಸ್ತುವಿಗೂ ಅದಕ್ಕೂ ಸಂಬಂಧವಿಲ್ಲ, ಅಪ್ಪನಿಗೆ ಮಾತ್ರ ಈ ಕಾಕತಾಳೀಯ ಬಹಳ ಹಿಡಿಸಿತು. ಅಪ್ಪಟ ನೀರಿನ ಪ್ರೋಟಾನುಗಳು ಸೋಮಾರಿಗಳು, ಏಳಲು ಸೆಕೆಂಡುಗಟ್ಟಲೆ ಬೇಕು. ಅವುಗಳ ಪಕ್ಕದಲ್ಲಿ ಏಳು ಒಂಟಿ ಎಲೆಕ್ಟ್ರಾನುಗಳ ಒಂದು ಅಣು ಸುಳಿದಾಡಿದರೆ ತಟ್ಟಿ ಎಬ್ಬಿಸಿದಂತೆ ಬೇಗ ಏಳುತ್ತವೆ. ಒಂದೇ ಎಲೆಕ್ಟ್ರಾನಿನ ಕಾಂತತೆ ಪ್ರೋಟಾನಿನದಕ್ಕಿಂತ 650 ಪಟ್ಟಿಗೂ ಹೆಚ್ಚು, ಇಲ್ಲಿ ಅಂಥವು ಏಳು. ಆರೋಗ್ಯವಾದ ಮಿದುಳಿನ ರಕ್ತನಾಳಗಳು ಈ ಔಷಧವನ್ನು ಹೊರಗೆ ಬಿಡುವುದಿಲ್ಲ. ಗಡ್ಡೆಯಿರುವಲ್ಲಿ ಅಂಥ ಬಿಗಿ ಕಾವಲಿರುವುದಿಲ್ಲ, ಅಲ್ಲಿ ಸೋರಿ ನಿಲ್ಲುತ್ತದೆ, ಆ ಜಾಗ ಬೆಳ್ಳಗೆ ಹೊಳೆಯುತ್ತದೆ.

ಹೊಳೆಯುವುದು ಲೋಹವಲ್ಲ ಅನ್ನುವುದನ್ನು ಗಮನಿಸಿ. ಸಿಟಿ ಸ್ಕ್ಯಾನಿನಲ್ಲಿ ಕೊಡುವ ಅಯೋಡಿನ್ ತಾನೇ ಎಕ್ಸ್‌ರೇಗೆ ಅಡ್ಡ ನಿಂತು ತನ್ನ ನೆರಳು ಬೀಳಿಸುತ್ತದೆ. ಎಂಆರ್‌ಐ ಚಿತ್ರದಲ್ಲಿ ಗ್ಯಾಡೊಲಿನಿಯಮ್ ಕಾಣುವುದೇ ಇಲ್ಲ. ಕಾಣುವುದು ಅದರ ನೆರೆಹೊರೆಯ ನೀರು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಇದೇ ಸಾಲಿನ ಡಿಸ್ಪ್ರೋಸಿಯಮ್, ಹೋಲ್ಮಿಯಮ್ ಅಯಾನುಗಳ ಕಾಂತಬಲ ಗ್ಯಾಡೊಲಿನಿಯಮ್‌ಗಿಂತ ಹೆಚ್ಚು. ಹಾಗಿದ್ದರೆ ಅವನ್ನೇ ಕೊಡಬಹುದಿತ್ತಲ್ಲ? ಆಗದು. ಅವುಗಳ ಎಲೆಕ್ಟ್ರಾನುಗಳು ಸಮತೋಲವಿಲ್ಲದೆ ಹಂಚಿಹೋಗಿ, ಕಾಂತದ ದಿಕ್ಕು ವಿಪರೀತ ವೇಗದಲ್ಲಿ ಒದ್ದಾಡುತ್ತದೆ. ಪ್ರೋಟಾನಿಗೆ ಆ ಗಡಿಬಿಡಿ ತಿಳಿಯುವುದೇ ಇಲ್ಲ. ಏಳು ಸೀಟಿನಲ್ಲಿ ಏಳೂ ಒಂಟಿಯಾಗಿ ಕೂತ ಗ್ಯಾಡೊಲಿನಿಯಮ್‌ನದು ಎಲ್ಲ ಕಡೆಯಿಂದಲೂ ಒಂದೇ ಸಮನಾದ ಗೋಳ. ಅದರ ಓಲಾಟ ನಿಧಾನ, ಪ್ರೋಟಾನಿನ ಲಯಕ್ಕೆ ಹೊಂದುವಷ್ಟು ನಿಧಾನ.

ಹಾಗಾದರೆ ಮೂಗುಬೊಟ್ಟು ಏಕೆ ಕೂಡದು, ಇದು ಏಕೆ ಆದೀತು? ಕಬ್ಬಿಣದಂಥ ಲೋಹದ ತುಂಡಿನಲ್ಲಿ ಕೋಟಿ ಕೋಟಿ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡು ಒಗ್ಗಟ್ಟಿನಿಂದ ಕಾಂತವಾಗುತ್ತವೆ, ಯಂತ್ರ ಅದನ್ನು ಎಳೆಯುತ್ತದೆ. ಚಿನ್ನ ಹಾಗೆ ಎಳೆಯಿಸಿಕೊಳ್ಳದಿದ್ದರೂ ಕಾಯಬಹುದು, ಚಿತ್ರ ಕೆಡಿಸಬಹುದು. ಜತೆಗೆ ಒಡವೆಯಲ್ಲಿ ಏನೇನು ಬೆರೆಸಿದ್ದಾರೋ ಯಾರಿಗೆ ಗೊತ್ತು. ಸೂಜಿಯಲ್ಲಿ ಬರುವ ಗ್ಯಾಡೊಲಿನಿಯಮ್ ತುಂಡಲ್ಲ. ಒಂದೊಂದು ಅಯಾನೂ ಬೇರೆ ಬೇರೆ, ಒಂದೊಂದಕ್ಕೂ ಒಂದೊಂದು ಪಂಜರ.

ಈ ಪಂಜರದಲ್ಲೇ ಎಲ್ಲ ಇದೆ. ಬಿಡಿ ಗ್ಯಾಡೊಲಿನಿಯಮ್ ಅಯಾನು ವಿಷ. ಗಾತ್ರದಲ್ಲಿ ಅದು ಕ್ಯಾಲ್ಸಿಯಮ್ ಅಯಾನಿಗೆ ತೀರ ಹತ್ತಿರ, ಆದರೆ ಕ್ಯಾಲ್ಸಿಯಮ್‌ಗೆ ಎರಡು ಧನ ಆವೇಶವಿದ್ದರೆ ಇದಕ್ಕೆ ಮೂರು. ಸ್ನಾಯು, ನರಗಳಲ್ಲಿ ಕ್ಯಾಲ್ಸಿಯಮ್‌ಗೆಂದು ಇರುವ ಬಾಗಿಲಲ್ಲಿ ಹೊಕ್ಕು ಅಡ್ಡ ಕೂತುಬಿಡುತ್ತದೆ. ಉಪಕಾರ ಮಾಡುವುದೂ ಇದೇ ಅಯಾನು, ಅಪಕಾರ ಮಾಡುವುದೂ ಇದೇ. ಒಂದು ಒಳಗಿನ ಏಳು ಎಲೆಕ್ಟ್ರಾನುಗಳಿಂದ, ಇನ್ನೊಂದು ಹೊರಗಿನ ಗಾತ್ರದಿಂದ. ಅದಕ್ಕೇ ಎಂಟು ಕೈಗಳ ಒಂದು ದೊಡ್ಡ ಅಣುವಿನಿಂದ ಅದನ್ನು ಎಲ್ಲ ಕಡೆಯಿಂದ ತಬ್ಬಿ ಹಿಡಿಸಿ ಕೊಡುತ್ತಾರೆ. 1988ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಔಷಧದಲ್ಲಿ ಆ ತಬ್ಬುವ ಅಣುವಿನ ಹೆಸರು ಡಿಟಿಪಿಎ. ಗ್ಯಾಡೊಲಿನಿಯಮ್ ಸುತ್ತ ಒಂಬತ್ತು ಜಾಗಗಳಿವೆ, ಎಂಟನ್ನು ಪಂಜರ ಹಿಡಿಯುತ್ತದೆ. ಒಂಬತ್ತನೆಯದನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ನೀರಿನ ಒಂದು ಅಣು ಬಂದು ಕೂರುತ್ತದೆ, ಏಳುತ್ತದೆ, ಇನ್ನೊಂದು ಬರುತ್ತದೆ, ಸೆಕೆಂಡಿಗೆ ಲಕ್ಷಾಂತರ ಸಲ. ನಮ್ಮ ಲೋಕಲ್ ಟ್ರೇನಿನ ಫೋರ್ತ್ ಸೀಟ್ ಅಂದರೆ ಮುಂಬಯಿಯವರಿಗೆ ಅರ್ಥವಾಗುತ್ತದೆ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಊರಿ ಕೂರುವ ಆ ನಾಲ್ಕನೆಯ ಜಾಗ, ಠಾಣೆಯಲ್ಲೊಬ್ಬರು, ಮುಲುಂಡದಲ್ಲೊಬ್ಬರು. ಆ ಒಂದು ಸೀಟಿನ ಅದಲುಬದಲಿನಿಂದಲೇ ಸುತ್ತಲಿನ ನೀರಿಗೆಲ್ಲ ಗ್ಯಾಡೊಲಿನಿಯಮ್ ಸುದ್ದಿ ಹರಡುವುದು.

ಅಂಬರನಾಥದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತನಾದ ನಮ್ಮಪ್ಪನಿಗೆ ಇದೆಲ್ಲಕ್ಕಿಂತ ಮುಖ್ಯವಾದ ಒಂದು ಪ್ರಶ್ನೆ ಇತ್ತು. ‘ಜಂಗ್ ಹಿಡೀತದೇನು?’ ಹಿಡಿಯುತ್ತದೆ. ಒಣ ಹವೆಯಲ್ಲಿ ತಡೆದುಕೊಳ್ಳುತ್ತದೆ, ತೇವವಿದ್ದರೆ ಹೊರಮೈ ಪುಡಿಪುಡಿಯಾಗಿ ಏಳುತ್ತದೆ. ‘ಅಂದ್ರ ಡೊಂಬಿವಲಿ ಮಳೀಗೆ ಬಾಳಂಗಿಲ್ಲ’ ಅಂದ. 1313 ಡಿಗ್ರಿಯ ಸುಮಾರಿಗೆ ಕರಗುತ್ತದೆ ಅಂದದ್ದಕ್ಕೆ, ಉಕ್ಕಿಗಿಂತ ಸ್ವಲ್ಪ ಮೆತ್ತಗೆ ಅಂತ ತನ್ನ ಲೆಕ್ಕದಲ್ಲಿ ಸೇರಿಸಿಕೊಂಡ.

ಸ್ಕ್ಯಾನಿನ ಫಲ ಹೇಳಿಬಿಡುತ್ತೇನೆ. ಎಡಗಿವಿಯ ನರದ ಮೇಲೆ ಹೆಸರುಕಾಳಿನಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ. ಇಂಥವು ಬಹುಪಾಲು ನಿಧಾನವಾಗಿ ಬೆಳೆಯುತ್ತವೆ, ಕೆಲವು ಬೆಳೆಯುವುದೇ ಇಲ್ಲ. ಕತ್ತರಿ ಬೇಡ, ವರ್ಷಕ್ಕೊಮ್ಮೆ ನೋಡುತ್ತಿರೋಣ ಅಂದರು. ಹೋದ ಜೀವ ಬಂತು. ಆದರೆ ವರ್ಷಕ್ಕೊಮ್ಮೆ ನೋಡುವುದು ಅಂದರೆ ವರ್ಷಕ್ಕೊಮ್ಮೆ ಸೂಜಿ. ಅವ್ವನಿಗೆ ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ, ಮೂತ್ರಪಿಂಡಗಳು ಮೊದಲಿನಂತಿಲ್ಲ.

ಇದೇ ಹೊತ್ತಿಗೆ ಒಂದು ಕೆಲಸ ಬಂತು. ರೋಗಿಗಳಿಗೆ ಕೊಡುವ ಮಾಹಿತಿ ಪತ್ರಗಳನ್ನು ಹಲವು ಭಾಷೆಗೆ ಮಾಡಿಸುವ ಸಂಸ್ಥೆಯೊಂದು ಕಾಂಟ್ರಾಸ್ಟ್ ಎಂಆರ್‌ಐ ಕುರಿತ ಎರಡು ಪುಟವನ್ನು ಕನ್ನಡಕ್ಕೆ ಕೇಳಿತು. ಜತೆಗೊಂದು ಪದಪಟ್ಟಿ. ಅದರ ಪ್ರಕಾರ ‘ಗ್ಯಾಡೊಲಿನಿಯಮ್ ಆಧಾರಿತ ಕಾಂಟ್ರಾಸ್ಟ್’ ಅನ್ನುವುದಕ್ಕೆಲ್ಲ ಕನ್ನಡದಲ್ಲಿ ‘ಡೈ’ ಅಂತ ಹಾಕಬೇಕು. ನಾನು ಮೊದಲ ಸಲ ಬಂದ ಕಡೆ ‘ಗ್ಯಾಡೊಲಿನಿಯಮ್ ಎಂಬ ಲೋಹವಿರುವ ಇಂಜೆಕ್ಷನ್’ ಅಂತ ಬರೆದು, ಮುಂದೆಲ್ಲ ‘ಇಂಜೆಕ್ಷನ್’ ಅಂತಿಟ್ಟೆ. ತಿದ್ದುವವರಿಂದ ಹಿಂದಿರುಗಿ ಬಂದಾಗ ‘ಲೋಹ’ ಮಾಯವಾಗಿತ್ತು. ಪಕ್ಕದಲ್ಲಿ ಒಂದು ಟಿಪ್ಪಣಿ, ಲೋಹ ಅಂದರೆ ರೋಗಿಗಳು ಹೆದರುತ್ತಾರೆ, ದಯವಿಟ್ಟು ಡೈ ಬಳಸಿ.

ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. 1988ರಿಂದ ಈಚೆಗೆ ಕೋಟ್ಯಂತರ ಜನ ಇದನ್ನು ತೆಗೆದುಕೊಂಡಿದ್ದಾರೆ, ಬಹುತೇಕರಿಗೆ ಏನೂ ಆಗಿಲ್ಲ. ಹೆದರಿ ಸ್ಕ್ಯಾನ್ ಬಿಟ್ಟು ಊರಿಗೆ ಹೋದವನಿಗೆ ಆಗುವ ಕೇಡು ಲೋಹದ ಕೇಡಿಗಿಂತ ದೊಡ್ಡದು. ಆದರೆ ಡೈ ಅನ್ನುವುದು ಬಣ್ಣ. ನಮ್ಮ ದೊಡ್ಡಮ್ಮ ‘ತಲೀಗೆ ಹಚ್ಚೋ ಡೈ ಏನ?’ ಅಂತಲೇ ಕೇಳಿದ್ದಳು. ಇದು ಯಾವುದಕ್ಕೂ ಬಣ್ಣ ಹಚ್ಚುವುದಿಲ್ಲ. ಬಣ್ಣ ಅಂದುಕೊಂಡವನಿಗೆ ಹೊಳೆಯುವ ಪ್ರಶ್ನೆ ‘ತೊಳೆದರೆ ಹೋಗುತ್ತದೆಯೇ?’ ಅಂತ. ಲೋಹ ಅಂತ ಗೊತ್ತಿದ್ದವನು ಕೇಳುವುದು ‘ಹೊರಗೆ ಹೋಗುತ್ತದೆಯೇ? ಎಷ್ಟು ದಿನಕ್ಕೆ? ನನ್ನ ಕಿಡ್ನಿ ಅದನ್ನು ಹೊರಹಾಕಬಲ್ಲದೆ?’ ಕೇಳಬೇಕಾದ ಪ್ರಶ್ನೆಗಳು ಇವೇ. ಪದ ಬದಲಾದರೆ ಪ್ರಶ್ನೆ ಬದಲಾಗುತ್ತದೆ, ನನ್ನ ತಕರಾರು ಇಷ್ಟೇ. ಇದನ್ನು ಮೂರು ಇಮೇಲಿನಲ್ಲಿ ಬರೆದೆ. ಪತ್ರ ‘ಡೈ’ ಆಗಿಯೇ ಅಚ್ಚಾಯಿತು, ಹಣವೂ ಸರಿಯಾಗಿ ಬಂತು.

ಓದುವವರು ಯಾರು ಅಂದಿರಾ? ಖಾರಘರದಲ್ಲಿ ಟಾಟಾ ಮೆಮೋರಿಯಲ್‌ನವರ ಆಕ್ಟ್ರೆಕ್ ಇದೆ. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದವರಲ್ಲಿ ಕೆಲವರು ನಮ್ಮ ಮನೆಯಲ್ಲೂ ಎರಡು ದಿನ ತಂಗಿ ಹೋಗಿದ್ದಾರೆ, ಪರಿಚಯದವರ ಪರಿಚಯದವರು. ಹಿಂದಿ ಅರ್ಧಂಬರ್ಧ, ಮರಾಠಿ ಇಲ್ಲ, ಕನ್ನಡದ ಅಕ್ಷರ ಮಾತ್ರ ಕೂಡಿಸಿ ಓದಬಲ್ಲವರು. ಚೀಲದ ತುಂಬ ಫಿಲ್ಮು, ರಿಪೋರ್ಟು. ಆ ಮನುಷ್ಯನ ಕೈಗೆ ಕನ್ನಡದ ಕಾಗದವೊಂದು ಬಂದರೆ ಅದರಲ್ಲಿ ಏನು ಬರೆದಿದೆ ಅನ್ನುವುದು ನನಗೆ ಸಣ್ಣ ವಿಷಯವಲ್ಲ.

ಹೆಸರಿನ ಮಾತು ಬಂದದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ. ಈ ಗುಂಪಿಗೆ ನಮ್ಮ ಪತ್ರಿಕೆಗಳು ‘ವಿರಳ ಭೂಲೋಹ’, ‘ಅಪರೂಪದ ಭೂಖನಿಜ’ ಅಂತೆಲ್ಲ ಬರೆಯುತ್ತವೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಲೋಹಗಳ ರಫ್ತಿಗೆ ಕಡಿವಾಣ ಹಾಕಿದಾಗ (ಗ್ಯಾಡೊಲಿನಿಯಮ್ ಕೂಡ ಅದರಲ್ಲಿತ್ತು) ದಿನವೂ ಈ ಪದ ಕಂಡೆವು. ಇವು ವಿರಳವೂ ಅಲ್ಲ, ಭೂಮಿಗೆ ವಿಶೇಷವಾಗಿ ಸೇರಿದವೂ ಅಲ್ಲ. ನೆಲದಲ್ಲಿ ಗ್ಯಾಡೊಲಿನಿಯಮ್ ತವರಕ್ಕಿಂತ ಹೆಚ್ಚಿದೆ, ಬೆಳ್ಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಒಂದೆಡೆ ಗಟ್ಟಿಯಾಗಿ ಸಿಗುವುದಿಲ್ಲ ಅಷ್ಟೆ. ಇನ್ನು ‘ಭೂಮಿ’ ಅನ್ನುವುದು ಹದಿನೆಂಟನೆಯ ಶತಮಾನದ ಯುರೋಪಿನ ರಸಾಯನಶಾಸ್ತ್ರದ ಮಾತು. ಬೆಂಕಿಗೆ ಬಗ್ಗದ, ನೀರಿನಲ್ಲಿ ಕರಗದ ಪುಡಿಗಳನ್ನು ಅವರು ‘ಮಣ್ಣು’ ಅನ್ನುತ್ತಿದ್ದರು, ಈಗ ನಾವು ಆಕ್ಸೈಡ್ ಅನ್ನುವುದನ್ನು. ಅದಕ್ಕೆ ನಮ್ಮಲ್ಲಿ ತಕ್ಕ ಪದವಿದೆ, ಭಸ್ಮ. ತಾಮ್ರಭಸ್ಮ, ಲೋಹಭಸ್ಮ ಅಂತ ಆಯುರ್ವೇದದ ಅಂಗಡಿಯಲ್ಲಿ ಇಂದಿಗೂ ಮಾರುವುದು. ‘ವಿರಳ ಭಸ್ಮ’ ಅಂತ ಬರೆದ ಕನ್ನಡಿಗರಿದ್ದಾರೆ. ಅವರು ಅನುವಾದಿಸಿದ್ದು ಪದವನ್ನಲ್ಲ, ವಸ್ತುವನ್ನು. ಓದುಗ ವಿಭೂತಿ ಅಂದುಕೊಂಡಾನೆಂಬ ಭಯವಿದ್ದರೂ ನನ್ನ ಮತ ಅದಕ್ಕೇ.

ಗ್ಯಾಡೊಲಿನಿಯಮ್ ಅನ್ನುವ ಹೆಸರಿನೊಳಗೆ ಒಂದು ಅನುವಾದವೇ ಅಡಗಿದೆ. ಯೋಹಾನ್ ಗಾಡೊಲಿನ್ 1760ರಲ್ಲಿ ಹುಟ್ಟಿದ ಫಿನ್ಲೆಂಡಿನ ರಸಾಯನಶಾಸ್ತ್ರಜ್ಞ. ಸ್ವೀಡನ್ನಿನ ಇಟರ್ಬಿ ಎಂಬಲ್ಲಿ 1787ರಲ್ಲಿ ಸಿಕ್ಕ ಕಪ್ಪು ಕಲ್ಲನ್ನು ಪರೀಕ್ಷಿಸಿ, ಇದರಲ್ಲೊಂದು ಹೊಸ ಭಸ್ಮವಿದೆ ಅಂತ 1794ರಲ್ಲಿ ತೋರಿಸಿದವನು. ಅವನ ಮನೆತನದ ಹೊಲಮನೆಯ ಹೆಸರು ಮೌನುಲಾ. ‘ಮೌನು’ ಅಂದರೆ ಲ್ಯಾಟಿನ್ನಿನ ಮ್ಯಾಗ್ನಸ್, ದೊಡ್ಡವನು. ‘ಲಾ’ ಅಂದರೆ ಅವನ ಠಾವು. ಓದಿಕೊಂಡ ಹಿರಿಯರು ಅದನ್ನು ಹೀಬ್ರೂವಿಗೆ ತಿರುಗಿಸಿದರು. ಅಲ್ಲಿ ದೊಡ್ಡದಕ್ಕೆ ‘ಗಾಡೋಲ್’. ಹೀಗೆ ಗಾಡೊಲಿನ್. ನಮ್ಮ ಗದಗಿನ ಓಣಿಯಲ್ಲಿ ದೊಡ್ಡಮನಿ ಅಂತ ಅಡ್ಡಹೆಸರಿನ ಎರಡು ಮನೆಗಳಿದ್ದವು. ಯೋಹಾನ್ ನಮ್ಮ ಕಡೆ ಹುಟ್ಟಿದ್ದರೆ ಅವ್ವನ ಕೈಗೆ ಚುಚ್ಚಿದ್ದು ದೊಡ್ಡಮನಿಯಮ್ ಆಗುತ್ತಿತ್ತು. ಅವನ ಹೆಸರು ಹೊತ್ತ ಗಾಡೊಲಿನೈಟ್ ಅದಿರಿನಲ್ಲಿ ಗ್ಯಾಡೊಲಿನಿಯಮ್ ಇರುವುದು ತೀರ ಅಲ್ಪ. ಮೂಲವಸ್ತುವನ್ನು ಮೊದಲು ಕಂಡದ್ದು 1880ರಲ್ಲಿ, ಜಿನೀವಾದ ಮಾರಿನ್ಯಾಕ್. ಅಷ್ಟರಲ್ಲಿ ಗಾಡೊಲಿನ್ ತೀರಿಕೊಂಡು 28 ವರ್ಷವಾಗಿತ್ತು. ಆ ಇಟರ್ಬಿ ಅನ್ನುವುದರ ಅರ್ಥ ‘ಹೊರಗಿನ ಹಳ್ಳಿ’. ಇಟ್ರಿಯಮ್, ಇಟರ್ಬಿಯಮ್, ಟರ್ಬಿಯಮ್, ಎರ್ಬಿಯಮ್ ನಾಲ್ಕೂ ಆ ಊರ ಹೆಸರಿನವು. ಮಹಾನಗರದ ಹೊರಗಿನ ಹಳ್ಳಿಯಲ್ಲಿರುವ ನಮಗೆ ಇದು ಸಂತೋಷದ ಸುದ್ದಿ.

ನಮ್ಮ ಕಡೆಗೂ ಈ ಲೋಹದ ಒಂದು ಕೊಂಡಿಯಿದೆ. ನಿಧಾನಗತಿಯ ನ್ಯೂಟ್ರಾನುಗಳನ್ನು ನುಂಗುವುದರಲ್ಲಿ ಸಹಜವಾಗಿ ಸಿಗುವ ಮೂಲವಸ್ತುಗಳಲ್ಲೆಲ್ಲ ಗ್ಯಾಡೊಲಿನಿಯಮ್ ಮೊದಲನೆಯದು. ತಾರಾಪುರದ 540 ಮೆಗಾವಾಟಿನ ಎರಡು ಪರಮಾಣು ಘಟಕಗಳಲ್ಲಿ ತುರ್ತಾಗಿ ಕ್ರಿಯೆ ನಿಲ್ಲಿಸಲು ಇರುವ ಎರಡು ಏರ್ಪಾಡುಗಳಲ್ಲಿ ಒಂದು ಗ್ಯಾಡೊಲಿನಿಯಮ್ ನೈಟ್ರೇಟ್ ದ್ರಾವಣವನ್ನು ಚಿಮ್ಮಿಸುವುದು. 2014ರಲ್ಲಿ ಪಾಲ್ಘರ್ ಬೇರೆಯಾಗುವವರೆಗೆ ತಾರಾಪುರ ಇದ್ದದ್ದು ನಮ್ಮ ಠಾಣೆ ಜಿಲ್ಲೆಯಲ್ಲೇ. ಆ ಕೆಲಸ ಮಾಡುವುದು ಎಲೆಕ್ಟ್ರಾನುಗಳಲ್ಲ, ನಡುವಿನ ನ್ಯೂಕ್ಲಿಯಸ್ಸು. ಅದು ಬೇರೆಯದೇ ಕಥೆ.

ಮತ್ತೆ ಮೂತ್ರಪಿಂಡಕ್ಕೆ. ಕಿಡ್ನಿ ಸರಿಯಿದ್ದವರಲ್ಲಿ ಈ ಔಷಧ ಪ್ರತಿ ಒಂದೂವರೆ ತಾಸಿಗೆ ಅರ್ಧದಷ್ಟು ಕಡಿಮೆಯಾಗುತ್ತ, ದಿನ ಕಳೆಯುವುದರೊಳಗೆ ಬಹುತೇಕ ಮೂತ್ರದಲ್ಲಿ ಹೋಗಿಬಿಡುತ್ತದೆ. ಕಿಡ್ನಿ ಕೆಟ್ಟವರಲ್ಲಿ ದಿನಗಟ್ಟಲೆ ನಿಲ್ಲುತ್ತದೆ, ಅಷ್ಟು ಹೊತ್ತು ಒಳಗಿದ್ದರೆ ಪಂಜರ ಬಿಚ್ಚಿಕೊಳ್ಳಲು ಸಮಯ ಸಿಗುತ್ತದೆ. 2000ದಲ್ಲಿ ವೈದ್ಯರು ಹೊಸದೊಂದು ರೋಗವನ್ನು ವರದಿ ಮಾಡಿದರು. ಡಯಾಲಿಸಿಸ್‌ನಲ್ಲಿದ್ದವರ ಚರ್ಮ ದಪ್ಪಗಾಗಿ ಚಕ್ಕಳದಂತೆ ಗಟ್ಟಿಯಾಗುವುದು, ಕೀಲುಗಳು ಮಡಿಸಲಾಗದೆ ನಿಲ್ಲುವುದು. ಅದಕ್ಕೂ ಗ್ಯಾಡೊಲಿನಿಯಮ್‌ಗೂ ನಂಟಿದೆ ಅಂತ ಕಂಡದ್ದು 2006ರಲ್ಲಿ. ಪಂಜರಗಳಲ್ಲಿ ಎರಡು ಜಾತಿ. ಒಂದು ಉದ್ದನೆಯ ದಾರ, ಸುತ್ತಿಕೊಂಡಿರುತ್ತದೆ, ಸಡಿಲವಾದೀತು. ಇನ್ನೊಂದು ಬಳೆ, ಅದರೊಳಗೆ ಸಿಕ್ಕ ಅಯಾನು ಸುಲಭಕ್ಕೆ ಬರುವುದಿಲ್ಲ. ರೋಗ ಬಂದವರಲ್ಲಿ ಹೆಚ್ಚಿನವರು ದಾರದ ಜಾತಿಯದನ್ನು ತೆಗೆದುಕೊಂಡವರು. ಮೊದಲು ಕ್ರಿಯೇಟಿನಿನ್ ನೋಡಿ, ಅಂಥವರಿಗೆ ಕೊಡುವುದನ್ನು ಬಿಗಿ ಮಾಡಿದ ಮೇಲೆ ಹೊಸ ರೋಗಿಗಳು ಹೆಚ್ಚುಕಮ್ಮಿ ಇಲ್ಲವಾದರು. 2014ರಲ್ಲಿ ಜಪಾನಿನ ವೈದ್ಯರು, ಪದೇ ಪದೇ ಈ ಇಂಜೆಕ್ಷನ್ ಪಡೆದವರ ಮಿದುಳಿನ ಕೆಲವು ಭಾಗಗಳು ಬೆಳ್ಳಗೆ ಕಾಣುವುದನ್ನು ತೋರಿಸಿದರು. ಗ್ಯಾಡೊಲಿನಿಯಮ್ ಅಲ್ಲಿ ಚೂರು ಚೂರು ಉಳಿಯುತ್ತಿದೆ. ಅದರಿಂದ ತೊಂದರೆಯಾದ ಪುರಾವೆ ಸಿಕ್ಕಿಲ್ಲ. ಆದರೂ ಯುರೋಪು 2017ರಲ್ಲಿ ದಾರದ ಜಾತಿಯ ಹಲವನ್ನು ತಡೆಹಿಡಿಯಿತು.

ಆ ಸಂಸ್ಥೆಗೆ ಬರೆದದ್ದು ಬರೆದಾಯಿತು, ಅವ್ವನಿಗೆಂದು ಬೇರೆ ಒಂದು ಪುಟ ಬರೆದೆ. ದೊಡ್ಡ ಅಕ್ಷರ, ನಮ್ಮ ಕಡೆಯ ಮಾತು. ಇದರಲ್ಲಿ ಲೋಹ ಇದೆ. ಲೋಹ ಪಂಜರದಾಗ ಇದೆ. ಪಂಜರ ದಾರದ್ದೋ ಬಳೆದ್ದೋ ಕೇಳಬೇಕು. ಕ್ರಿಯೇಟಿನಿನ್ ಕಾಗದ ತೋರಿಸಬೇಕು. ಹಿಂದೆ ಎಷ್ಟು ಸಲ ತೊಗೊಂಡೀನಿ ಅಂತ ಹೇಳಬೇಕು. ಇದು ಇಲ್ಲದ ನಡೀತದೇನು ಅಂತ ಕೇಳಬೇಕು. ಅವ್ವ ಅದನ್ನು ಮಡಚಿ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡಳು. ಕಲಬುರಗಿಯಿಂದ ಬಂದು ಹೋದವರೊಬ್ಬರು ಫೋಟೋ ತೆಗೆದುಕೊಂಡರು. ಅದು ಈಗ ಎಷ್ಟು ಫೋನುಗಳಲ್ಲಿದೆಯೋ ನಾನರಿಯೆ.

ಎರಡನೆಯ ವರ್ಷ ಅವ್ವ ಡಾಕ್ಟರ ಎದುರು ಕೂತು ಅದನ್ನು ನೋಡಿಕೊಂಡು ಒಂದೊಂದಾಗಿ ಕೇಳಿದಳು, ನಾನು ಹಿಂದಿಗೆ ತಿರುಗಿಸಿದೆ. ಹೋದ ವರ್ಷ ಕೊಟ್ಟದ್ದು ಬಳೆಯ ಜಾತಿಯದೇ ಅಂತ ಗೊತ್ತಾಯಿತು. ಕಿಡ್ನಿಯ ಲೆಕ್ಕ 58 ಇದ್ದದ್ದು 51ಕ್ಕೆ ಇಳಿದಿತ್ತು. ಎಚ್ಚರಿಕೆ ಬಿಗಿಯಾಗುವುದು 30ರ ಕೆಳಗೆ, ಗಾಬರಿ ಬೇಡ ಅಂದರು. ಕೊನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಯೋಚಿಸಿ, ಮೊದಲ ಸಲ ಹುಡುಕಲು ಇಂಜೆಕ್ಷನ್ ಬೇಕಿತ್ತು, ಈಗ ಜಾಗ ಗೊತ್ತಿದೆ, ಕಿವಿಯೊಳಗಿನ ದ್ರವದ ನಡುವೆ ಗಡ್ಡೆ ಕಪ್ಪಗೆ ಕಾಣುವ ಬೇರೊಂದು ರೀತಿಯಲ್ಲಿ ಅಳತೆ ತೆಗೆಯಬಹುದು ಅಂದರು. ಆ ವರ್ಷ ಸೂಜಿ ಇಲ್ಲದೆ ಆಯಿತು. ಗಡ್ಡೆ ಇದ್ದಷ್ಟೇ ಇದೆ. ಮೂಗುಬೊಟ್ಟನ್ನು ಮಾತ್ರ ಮತ್ತೆ ಸಾಬೂನು ಹಚ್ಚಿ ತೆಗೆಯಬೇಕಾಯಿತು.

ಮೊದಲ ವರ್ಷದ ಆ ಗ್ರಾಂ ಎಲ್ಲಿ ಹೋಯಿತು ಅಂತ ಅಪ್ಪ ಕೇಳಿದ. ಮೋರಿಗೆ. ಮೋರಿಯಿಂದ ಖಾಡಿಗೆ. 1996ರಲ್ಲಿ ಜರ್ಮನಿಯ ಬೌ ಮತ್ತು ಡುಲ್ಸ್ಕಿ ಎಂಬ ಇಬ್ಬರು ಅಲ್ಲಿಯ ನದಿಗಳ ನೀರಿನಲ್ಲಿ ಇದನ್ನು ಹಿಡಿದುಹಾಕಿದರು. ಹಿಡಿದ ರೀತಿ ಸೊಗಸಾಗಿದೆ. ಈ ಹದಿನೈದು ಲೋಹಗಳು ನಿಸರ್ಗದಲ್ಲಿ ಅಣ್ಣತಮ್ಮಂದಿರಂತೆ ಜತೆಯಾಗಿಯೇ ಹೋಗುವವು, ಪ್ರಮಾಣದಲ್ಲಿ ಅಕ್ಕಪಕ್ಕದವಕ್ಕೆ ಒಂದು ಹೊಂದಿಕೆ ಇದ್ದೇ ಇರುತ್ತದೆ. ಆ ಸಾಲಿನಲ್ಲಿ ಗ್ಯಾಡೊಲಿನಿಯಮ್ ಒಂದೇ ದಿಬ್ಬದಂತೆ ಎದ್ದು ನಿಂತಿದ್ದರೆ ಅದು ಕಲ್ಲುಮಣ್ಣಿನಿಂದ ಬಂದದ್ದಲ್ಲ, ಆಸ್ಪತ್ರೆಯಿಂದ ಬಂದದ್ದು. ಮೈಯೊಳಗೆ ನಮ್ಮನ್ನು ಕಾಯುವಷ್ಟು ಗಟ್ಟಿಯಾದ ಆ ಪಂಜರ ಒಳಚರಂಡಿಯ ಶುದ್ಧೀಕರಣಕ್ಕೂ ಬಗ್ಗುವುದಿಲ್ಲ, ಹಾಗೇ ನದಿ ಸೇರುತ್ತದೆ.

‘ಅಂದ್ರ ನಂದೊಂದು ಗ್ರಾಂ ಖಾಡ್ಯಾಗದ’ ಅಂದಳು ಅವ್ವ. ಅಪ್ಪ ಅದರ ರೇಟು ಎಷ್ಟೆಂದು ಕೇಳಿದ. ಬಂಗಾರದ ರೇಟಿನ ಮುಂದೆ ಅದು ಏನೇನೂ ಅಲ್ಲ ಅಂದ ಮೇಲೆ ಇಬ್ಬರೂ ಆ ವಿಷಯ ಬಿಟ್ಟರು. ಮುಂದಿನ ಸ್ಕ್ಯಾನ್ ಜನವರಿಯಲ್ಲಿ. ಸೂಜಿ ಬೇಕೋ ಬೇಡವೋ ಆಗ ಹೇಳುತ್ತೇವೆ ಅಂದಿದ್ದಾರೆ. ಕ್ರಿಯೇಟಿನಿನ್ ಮಾತ್ರ ಹಿಂದಿನ ವಾರವೇ ಮಾಡಿಸಿಟ್ಟುಕೊಳ್ಳಬೇಕು.